ದನದ ಡಾಕ್ಟರರ ವಿಲಾಯತಿ ಕಾರು

ಒಂದು ಮುಂಜಾನೆ ಚಹಾ ಮಾಡಲೆಂದು ಒಲೆಯ ಹತ್ತಿರ ಹೋದರೆ ಹಾಲಿನ ಪಾತ್ರೆಯಲ್ಲಿ ಹಾಲು ಇರಲಿಲ್ಲ. ನೀರು ಕುದಿಯುತ್ತಿತ್ತು. ನೀರಿನ ತಳದಲ್ಲಿ ಹಿತ್ತಾಳೆಯದೊಂದು ಸಾಮಾನು ಕೂತಿತ್ತು. ಅದರ ಮೇಲೆ ಬಗ್ಗಿ, ಕನ್ನಡಕಕ್ಕೆಲ್ಲ ಹಬೆ ಹಿಡಿಸಿಕೊಂಡು ನನ್ನ ಗಂಡ ನಿಂತಿದ್ದರು.

"ಏನ್ರಿ ಇದು?" ಎಂದೆ.

"ಕಾರಿನ ಥರ್ಮೋಸ್ಟಾಟ್. ನೀರು ಕಾದ ಮ್ಯಾಲೆ ಇದು ಬಾಯಿ ತೆರೀಬೇಕು. ತೆರೀತೈತೋ ಇಲ್ಲೋ ನೋಡ್ಲಿಕತ್ತೇನಿ."

"ಮತ್ತ ಹಾಲು?"

"ಹಾಲು ಬಕೀಟಿನಾಗ ಐತಿ."

ಯಾವ ಬಕೀಟು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಮನೆಯಲ್ಲಿ ಆಗ ಬಕೀಟುಗಳಿಗೆ ಒಂದೊಂದಕ್ಕೂ ಒಂದೊಂದು ಪೂರ್ವಚರಿತ್ರೆ ಇತ್ತು. ಆ ದಿನ ನಾನು ಕರಿ ಚಹಾ ಕುಡಿದು ಶಾಲೆಗೆ ಹೋದೆ.

ನಾವಾಗ ನವಲಗುಂದದಲ್ಲಿದ್ದೆವು. ಎಂಬತ್ತರ ದಶಕ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮವರು ದನದ ಡಾಕ್ಟರು. ಸುತ್ತಲಿನ ಹಳ್ಳಿಗಳ ಎತ್ತು, ಎಮ್ಮೆ, ಆಡುಗಳೆಲ್ಲ ಅವರನ್ನು ನಂಬಿದ್ದವು. ನಾನೂ ನಂಬಿದ್ದೆ, ಕಾರು ಬರುವ ತನಕ.

ಕಾರು ಅಣ್ಣಿಗೇರಿಯ ಒಬ್ಬ ಹತ್ತಿ ವ್ಯಾಪಾರಿಯದು. ವಿಲಾಯತಿ ಕಾರು. ಉದ್ದನೆಯ ಮೂತಿ, ಚರ್ಮದ ಸೀಟು, ಒಳಗೆ ಕನ್ನಡಿಯಂತೆ ಹೊಳೆಯುವ ಕಟ್ಟಿಗೆಯ ಪಟ್ಟಿ, ಗುಂಡಿ ಒತ್ತಿದರೆ ತಾನಾಗಿ ಇಳಿಯುವ ಗಾಜು. ವ್ಯಾಪಾರಿ ತೀರಿಕೊಂಡ ಮೇಲೆ ಮಕ್ಕಳು ಆಗಷ್ಟೇ ರಸ್ತೆಗೆ ಬಂದಿದ್ದ ಸಣ್ಣ ಹೊಸ ಕಾರು ಕೊಂಡು ಇದನ್ನು ಹತ್ತಿ ಗಿರಣಿಯ ಮೂಲೆಗೆ ತಳ್ಳಿದ್ದರು. ಅವರ ಎತ್ತಿಗೆ ಔಷಧ ಕೊಡಲು ಹೋದ ನಮ್ಮ ಡಾಕ್ಟರು, ಸಂಜೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಆ ಕಾರನ್ನು ಎಳೆಸಿಕೊಂಡು ಬಂದರು. "ಎಂಜಿನ್ ಅಗದಿ ಗಟ್ಟಿ ಐತಿ ವಿಮಲಾ," ಎಂದರು. ಅದು ಸುಳ್ಳಲ್ಲ. ಏನು ಮಾಡಿದರೂ ತಿರುಗುತ್ತಿರಲಿಲ್ಲ, ಅಷ್ಟು ಗಟ್ಟಿ.

ಹುಬ್ಬಳ್ಳಿಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದೆವು. ಅವನು ಬಾನೆಟ್ಟು ಎತ್ತಿದ, ಒಳಗೆ ನೋಡಿದ, ಹೆಣದ ಮುಖಕ್ಕೆ ಬಟ್ಟೆ ಎಳೆಯುವ ಹಾಗೆ ಮೆಲ್ಲಗೆ ಮುಚ್ಚಿದ. ಚಹಾ ಕುಡಿದು ಹೋದ. ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ತಿಳಿದುಕೊಳ್ಳುತ್ತಿದ್ದರು. ನಮ್ಮವರಿಗೆ ಮಾತ್ರ ಅಂದಿನಿಂದ ಹುರುಪು ಬಂತು. "ಹೊಟ್ಟ್ಯಾಗಿನ ಕರಾ ತಿರುಗಿಸಿ ಹೊರಗ ತಗ್ಯೂ ಕೈ ಇದು. ಒಂದು ನಟ್ಟು ಬಿಚ್ಚಾಕ ಆಗೂದಿಲ್ಲನು?" ಎಂದರು. ನಟ್ಟು ಬಿಚ್ಚಲಿಕ್ಕೆ ಆಗುತ್ತದೆ. ಬಿಚ್ಚಿದ್ದನ್ನು ತಿರುಗಿ ಕೂಡಿಸುವುದೇ ತೊಂದರೆ. ಕರುವನ್ನು ಯಾರೂ ತಿರುಗಿ ಒಳಗೆ ಕೂಡಿಸುವುದಿಲ್ಲವಲ್ಲ, ಹಾಗಾಗಿ ಅವರಿಗೆ ಆ ರೂಢಿಯೇ ಇರಲಿಲ್ಲ.

ಸೀಟಿನೊಳಗೆ ಇಲಿಗಳು ಹತ್ತಿ ಹಾಸಿಕೊಂಡು ಸಂಸಾರ ಹೂಡಿದ್ದವು. ಅವುಗಳನ್ನು ಬಿಡಿಸಿದ್ದಾಯಿತು. ಒಣಗಿ ಬಿರಿದ ಚರ್ಮಕ್ಕೆ ನಮ್ಮವರು ಔಡಲೆಣ್ಣೆ ಹಚ್ಚಿ ತಿಕ್ಕಿದರು. ಆಮೇಲೆ ಆ ಕಾರಿನಲ್ಲಿ ಕೂತು ಎದ್ದವರೆಲ್ಲ ಬಾಣಂತಿಯ ಕೋಣೆಯಿಂದ ಬಂದವರ ಹಾಗೆ ನಾರುತ್ತಿದ್ದರು. ದನಗಳ ಬಾಯಿಗೆ ಔಷಧ ಹೊಯ್ಯುವ ಬಿದಿರಿನ ಗೊಟ್ಟದಿಂದಲೇ ಎಂಜಿನ್ನಿಗೆ ಆಯಿಲ್ಲು ಹೊಯ್ದರು. ಎಂಜಿನ್ನು ಮೊದಲ ಸಲ ಕೆಮ್ಮಿದ ದಿನ ಸ್ಟೆಥಾಸ್ಕೋಪು ತಂದು ಅದರ ಎದೆಗೆ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಮದುವೆಯಾಗಿ ಅಷ್ಟು ವರ್ಷವಾದರೂ ನನ್ನ ಮಾತನ್ನು ಅವರು ಆ ಪರಿ ಏಕಾಗ್ರತೆಯಿಂದ ಕೇಳಿದ್ದು ನನಗೆ ನೆನಪಿಲ್ಲ.

ಕಾರ್ಬ್ಯುರೇಟರಿಗೆ ದಪ್ಪ ಕಾಗದದ ಒಂದು ಪದರ ಬೇಕಾಗಿತ್ತಂತೆ. ಮನೆಗೆ ಬಂದಿದ್ದ ಮದುವೆಯ ಕರೆಯೋಲೆಯನ್ನೇ ಇಟ್ಟು ಗೆರೆ ಎಳೆದು ಕತ್ತರಿಸಿಬಿಟ್ಟರು. ಮದುವೆ ನನ್ನ ಸ್ವಂತ ಚಿಕ್ಕಮ್ಮನ ಮಗಳದು. ತಾರೀಖು, ಮುಹೂರ್ತ ಎರಡೂ ಕಾರ್ಬ್ಯುರೇಟರಿನೊಳಗೆ ಹೋಗಿದ್ದವು. ನಾವು ಹೋದಾಗ ಚಪ್ಪರ ಬಿಚ್ಚುತ್ತಿದ್ದರು. ಚಿಕ್ಕಮ್ಮ ಇವತ್ತಿಗೂ ನನ್ನನ್ನು ಕಂಡರೆ, "ಲಗ್ನಕ್ಕ ಬರೂದು ಹಗರ ಅಂತ ತಿಳದಿದ್ದಿ ಏನವಾ?" ಎನ್ನುತ್ತಾಳೆ. ಏನೆಂದು ಹೇಳಲಿ? ನಿನ್ನ ಮಗಳ ಮುಹೂರ್ತದ ಮೇಲೆ ಪೆಟ್ರೋಲು ಹರಿದುಹೋಯಿತು ಎನ್ನಲೇ?

ಕನ್ನಡ ಕಲಿಸುವವಳಾದ್ದರಿಂದ ನಾನು ಆ ದಿನಗಳಲ್ಲಿ ಈ ಕೆಲಸಕ್ಕೆ ಒಂದು ಸರಿಯಾದ ಹೆಸರು ಹುಡುಕುತ್ತಿದ್ದೆ. ರಿಪೇರಿ ಎನ್ನೋಣವೆಂದರೆ ಅದು ಮುಗಿಯುವ ಕೆಲಸ. ದುರಸ್ತಿ ಎಂದರೆ ಕೊನೆಗೆ ವಸ್ತು ಸರಿಯಾಗಬೇಕು. ಜೀರ್ಣೋದ್ಧಾರವೇ ಸರಿಯೆಂದು ಕಂಡಿತು. ಉದ್ಧಾರವೆಂದರೆ ಮೂಲದಲ್ಲಿ ಮೇಲಕ್ಕೆ ಎತ್ತುವುದು; ಜೀರ್ಣವಾದ ಕಾರನ್ನು ನಮ್ಮವರು ಜ್ಯಾಕು ಹಾಕಿ ಎತ್ತಿಯೇ ಇಟ್ಟಿದ್ದರು. ವ್ಯಾಕರಣದ ಇನ್ನೊಂದು ಸೂಕ್ಷ್ಮವೂ ಗಮನಕ್ಕೆ ಬಂತು. ಕಾರಿನ ಮಾತು ಬಂದಾಗ ನಮ್ಮವರ ಬಾಯಲ್ಲಿ ಭವಿಷ್ಯತ್ಕಾಲದ ಕ್ರಿಯಾಪದವೇ ಬರುತ್ತಿತ್ತು. ಆಗತೈತಿ, ಬರತೈತಿ, ಓಡತೈತಿ. ಭೂತಕಾಲಕ್ಕೆ ಬಂದರೆ ಒಂದೇ ಒಂದು ಕ್ರಿಯಾಪದ: "ಮುರೀತು."

ಈ ಜೀರ್ಣೋದ್ಧಾರದಲ್ಲಿ ಹೆಂಡತಿಯೂ ಒಂದು ಉಪಕರಣ. ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿತ್ತು. ಅದನ್ನು ತೆಗೆಯಲು ಒಬ್ಬರು ಒಳಗೆ ಕೂತು ಬ್ರೇಕು ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಬಿರಡೆ ಬಿಚ್ಚಿ ಮುಚ್ಚಬೇಕು. ಒಂದು ರವಿವಾರ ಮಧ್ಯಾಹ್ನವೆಲ್ಲ ನಾನು ಒಳಗೆ ಕೂತೆ. ಕೆಳಗಿನಿಂದ ಅವರ ಕೂಗು: "ಒತ್ತು! ಹಿಡಿ, ಹಿಡಿ! ಬಿಡಬ್ಯಾಡ! ಇನ್ನ ಸ್ವಲ್ಪ... ಬಂತು, ಬಂತು! ಈಗ ಬಿಡು." ಪಕ್ಕದ ಮನೆಯ ನೀಲಮ್ಮ ಒಂದು ಕೊಡ ಬಿಸಿನೀರು ಹೊತ್ತು ಓಡಿ ಬಂದಳು.

"ಯಾವ ಆಕಳ್ರಿ ಅಕ್ಕೋರ? ಕರಾ ಬಂತನ್ರಿ?"

ನಾನು ಸ್ಟೇರಿಂಗಿನ ಹಿಂದೆ ಕೂತಿದ್ದನ್ನು ನೋಡಿ, ಕಾರಿನಡಿಯಿಂದ ಹೊರಗೆ ಚಾಚಿದ್ದ ಡಾಕ್ಟರರ ಕಾಲು ನೋಡಿ, ಕೊಡ ಅಲ್ಲೇ ಇಳಿಸಿ ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳ ಬಿಸಿನೀರಿನಲ್ಲಿ ನಮ್ಮವರು ಕೈ ತೊಳೆದುಕೊಂಡರು. ಅಷ್ಟರ ಮಟ್ಟಿಗೆ ಪ್ರಯೋಜನವಾಯಿತು.

ಕಾರು ಅಂತೂ ಓಡಿತು. ಊರೊಳಗೆ ಒಂದು ಸುತ್ತು, ಹೊಲದ ದಾರಿಯಲ್ಲಿ ಒಂದು ಸುತ್ತು. ಇಳಿಸಿದ ಮುಂದಿನ ಗಾಜು ತಿರುಗಿ ಏರುತ್ತಿರಲಿಲ್ಲ. ಹಿಂದಿನ ಬಾಗಿಲು ಹೊರಗಿನಿಂದಷ್ಟೇ ತೆರೆಯುತ್ತಿತ್ತು. ಅಷ್ಟರಲ್ಲಿ ನನಗೆ ಬಡ್ತಿ ಬಂತು: ಅಳ್ನಾವರದ ಒಂದು ಹೈಸ್ಕೂಲಿಗೆ ಹೆಡ್‌ಮಿಸ್ಟ್ರೆಸ್. ಅದಕ್ಕಾಗಿ ಎಷ್ಟೋ ವರ್ಷ ಕಾದಿದ್ದೆ. ಹೇಳಿದ ದಿನ ಹಾಜರಾಗದಿದ್ದರೆ ಅದು ಬಡ್ತಿಯ ಪಟ್ಟಿಯಲ್ಲಿ ನನ್ನ ನಂತರದವರ ಪಾಲಾಗುತ್ತಿತ್ತು. ನಾನು ಬಸ್ಸಿಗೆ ಹೋಗುವೆನೆಂದೆ. ನಮ್ಮವರ ಮುಖ ಸಣ್ಣದಾಯಿತು.

"ಹೆಡ್‌ಮಿಸ್ಟ್ರೆಸ್ ಆಗಿ ಹೊಂಟೀ. ಮೊದಲನೇ ದಿನ ಬಸ್ಸಿನ್ಯಾಗ ನಿಂತು ಹೋಗ್ತೀಯೇನು? ಕಾರಿನ್ಯಾಗ ಇಳೀಬೇಕು ನೀ. ರಾಣಿ ಹಂಗ."

ಆ ರಾಣಿ ಎಂಬ ಶಬ್ದಕ್ಕೆ ಸೋತೆ. ಇಳಕಲ್ಲ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತೆ. ಮುಂದಿನ ಸೀಟಿನ ಮೇಲೆ ನಟ್ಟು ಬಿಚ್ಚುವ ಪಾನೆಗಳೂ ಪೈಪುಗಳೂ ಕೂತಿದ್ದವು. ಹಿಂದಿನ ದಿನ ಮಳೆಯಾಗಿತ್ತು. ಮುಚ್ಚದ ಗಾಜಿನಿಂದ ಎದುರು ಬಂದ ಪ್ರತಿಯೊಂದು ಲಾರಿಯೂ ತನ್ನ ಪಾಲಿನ ಕೆಸರನ್ನು ಒಳಗೆ ಹಾಕಿ ಹೋಯಿತು. ಮೊರಬ ದಾಟಿ ಧಾರವಾಡದ ಕಡೆಗೆ ಸ್ವಲ್ಪ ದೂರ ಹೋಗಿದ್ದೆವು, ಬಾನೆಟ್ಟಿನಿಂದ ಭಸ್ಸೆಂದು ಹಬೆ ಎದ್ದಿತು. ರೇಡಿಯೇಟರಿನ ಪೈಪು ಒಡೆದಿತ್ತು. ಅದು ಕಾರಿನ ಪೈಪೇ ಅಲ್ಲ, ಯಾರದೋ ಹೊಲದ ಪಂಪ್‌ಸೆಟ್ಟಿನದು.

"ಐದ ನಿಮಿಷ," ಎಂದು ಹೇಳಿ ನಮ್ಮವರು ಕೆಳಗೆ ತೂರಿದರು.

ನಾನು ಒಳಗೇ ಕೂತೆ. ಬಾಗಿಲು ಒಳಗಿನಿಂದ ತೆರೆಯುವಂತಿರಲಿಲ್ಲವಲ್ಲ. ಎರಡೂ ಕಡೆ ಕಣ್ಣು ಹಾಯುವವರೆಗೆ ಎರೆಹೊಲ, ಒಂದು ಮರವಿಲ್ಲ. ರಾಣಿಯ ಸ್ಥಿತಿ ಹೀಗಿತ್ತು. ಎಷ್ಟೋ ಹೊತ್ತಿನ ಮೇಲೆ ದೂರದಲ್ಲಿ ಬಸ್ಸು ಕಂಡಿತು.

"ಬಾಗಿಲಾ ತಗೀರಿ!"

"ಮುಗೀತು ವಿಮಲಾ, ಇನ್ನ ಐದ ನಿಮಿಷ..."

"ನಿಮ್ಮ ಐದ ನಿಮಿಷದಾಗ ನನ್ನ ಅರ್ಧ ಆಯುಷ್ಯ ಹೋತು. ತಗೀರಿ ಅಂದ್ನಿ!"

ತೆಗೆದರು. ಇಳಿದ ಮೊದಲ ಹೆಜ್ಜೆಗೇ ಎರೆಮಣ್ಣು ನನ್ನ ಒಂದು ಚಪ್ಪಲಿಯನ್ನು ನುಂಗಿತು. ಅದನ್ನು ಕೀಳುತ್ತಾ ಕೂರಲು ಹೊತ್ತಿರಲಿಲ್ಲ. ಬಸ್ಸು ನಿಂತಿತು. ಹತ್ತುವಾಗ ನಾನು ಜಾರಿದೆ, ಅವರು ಹಿಂದಿನಿಂದ ಬೆನ್ನಿಗೆ ಕೈಕೊಟ್ಟು ತಳ್ಳಿದರು. ಒಳ್ಳೆಯ ಮನಸ್ಸಿನಿಂದಲೇ ತಳ್ಳಿದರು. ಆದರೆ ಆ ಅಂಗೈಯ ಮಸಿ, ಐದೂ ಬೆರಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ, ನನ್ನ ಸೀರೆಯ ಬೆನ್ನಿನ ಮೇಲೆ ಮೂಡಿತು. ಧಾರವಾಡದಲ್ಲಿ ಬಸ್ಸು ಬದಲಿಸುವಾಗ ಹೊಸ ಚಪ್ಪಲಿ ಕೊಂಡೆ. ಬೆನ್ನಿಗೆ ಏನೂ ಮಾಡುವಂತಿರಲಿಲ್ಲ. ಶಾಲೆ ಮುಚ್ಚುವ ಮೊದಲು ಅಂತೂ ಅಳ್ನಾವರ ಮುಟ್ಟಿದೆ. ಸಹಿ ಮಾಡಿ, ಮಾಸ್ತರರ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತು ನಾಲ್ಕು ಮಾತಾಡಿ, ಹಾಗೇ ಗೋಡೆಗುಂಟ ಸರಿದು ಹೊರಗೆ ಬಂದೆ. ಹೊಸ ಹೆಡ್‌ಮಿಸ್ಟ್ರೆಸ್ ಬಹಳ ಸಂಕೋಚದವರು ಎಂದು ಅವರೆಲ್ಲ ತಿಳಿದರಂತೆ.

ಸಂಜೆ, ನಾವು ಮೊದಲೇ ಬಾಡಿಗೆಗೆ ಹಿಡಿದಿದ್ದ ಮನೆಯ ಮುಂದೆ ಹಾರ್ನು ಕೇಳಿತು. ನಮ್ಮವರು! ಒಡೆದ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ, ಅದರ ಮೇಲೆ ಮುರಿದ ಎತ್ತಿನ ಕಾಲಿಗೆ ಹಾಕುವ ಪ್ಲಾಸ್ಟರು ಹಾಕಿ, ಅದು ಒಣಗುವ ತನಕ ಕಾದು, ಓಡಿಸಿಕೊಂಡು ಬಂದಿದ್ದರು. ಮುಖವೆಲ್ಲ ಮಸಿ, ಮಸಿಯೊಳಗಿಂದ ಹಲ್ಲು ಹೊಳೆಯುತ್ತಿದ್ದವು. "ನೋಡು, ಬಂತೋ ಇಲ್ಲೋ! ಇಲ್ಲೀತನಕ ಒಂದು ಹನಿ ಸೋರಿಲ್ಲ!" ಎಂದು ಬಾನೆಟ್ಟು ಎತ್ತಿ ತೋರಿಸಿದರು.

ನಾನು ಬಾನೆಟ್ಟಿನೊಳಗೆ ನೋಡಲಿಲ್ಲ. ಅವರ ಮುಖ ನೋಡುತ್ತಾ ನಿಂತೆ. ಇನ್ನೇನಾದರೂ ಕೇಳುವರೋ ಎಂದು ಕಾದೆ. ಕೇಳಲಿಲ್ಲ.

"ನಾ ಹಾಜರಾದ್ನೋ ಇಲ್ಲೋ, ಅದನ್ನ ಕೇಳಲಿಲ್ಲಲ್ಲ ನೀವು," ಎಂದೆ.

ಅವರ ಕೈ ಬಾನೆಟ್ಟಿನ ಮೇಲೆ ಹಾಗೇ ನಿಂತಿತು. "ಆದ್ಯಾ?" ಎಂದರು, ಬಹಳ ಸಣ್ಣ ದನಿಯಲ್ಲಿ.

"ಇನ್ನ ಈ ಕಾರು ನನ್ನ ಬಾಗಿಲಿಗೆ ತರಬ್ಯಾಡ್ರಿ," ಎಂದು ಒಳಗೆ ಹೋದೆ. ಅವರು ಊಟ ಮಾಡಿದರು, ಮಲಗಿದರು, ನಾನು ಏಳುವ ಮೊದಲೇ ಹೊರಟುಹೋದರು. ಕಾರು ಅವತ್ತು ಒಂದೇ ಸಲಕ್ಕೆ ಚಾಲೂ ಆಯಿತು. ಅದಕ್ಕೂ ಸಿಟ್ಟು ಬಂತು.

ಆಮೇಲೆ ಕೆಲವು ವಾರ ರಜೆ ಸಿಗಲಿಲ್ಲವೆಂದು ನವಲಗುಂದದಿಂದ ಬರಲಿಲ್ಲ. ಒಂದು ಶನಿವಾರ ಬಸ್ಸಿನಿಂದ ಇಳಿದು ಬಂದರು. ಬಿಳಿ ಅಂಗಿ, ಕೈಯಲ್ಲಿ ಪೇಢೆಯ ಪೊಟ್ಟಣ.

"ಕಾರು?"

"ಮಾರಿದ್ನಿ. ಯರಗುಪ್ಪಿಯವರು ಒಬ್ಬರು ಒಯ್ದ್ರು. ಮದುವಿ ಮೆರವಣಿಗಿಗೆ ಬೇಕಂತ. ಸಾವಕಾಶ ಹೋಗೂ ಗಾಡಿನ ಬೇಕಿತ್ತಂತ ಅವರಿಗೆ."

ನಾನು ಗೆದ್ದೆನೆಂದು ತಿಳಿದೆ. ಆ ಸಂಜೆ ಪೇಢೆ ಬಹಳ ರುಚಿಯಾಗಿತ್ತು. ಆದರೆ ನಮ್ಮವರು ಕುರ್ಚಿಯ ಮೇಲೆ ಬೀಗರ ಮನೆಗೆ ಬಂದವರಂತೆ ಕೂತು ಮನೆಯನ್ನೆಲ್ಲ ನಿಧಾನವಾಗಿ ನೋಡತೊಡಗಿದರು. "ಆ ಫ್ಯಾನು ಯಾಕೋ ಕಟಕಟ ಅಂತೈತಲ್ಲ?" ಎಂದರು. ಅಂದಿನಿಂದ ಅದು ಕಟಕಟ ಎನ್ನಲಿಲ್ಲ, ತಿರುಗಲೂ ಇಲ್ಲ. ಮುಂದಿನ ವಾರ ಹೊಲಿಗೆ ಯಂತ್ರ. ಅದರ ಮುಂದಿನ ವಾರ ರೇಡಿಯೋ, ಸ್ಟೋವು, ನಲ್ಲಿ. ನಲ್ಲಿಯನ್ನು ಬಿಚ್ಚಿದ ದಿನ ಅಡುಗೆಮನೆಯಲ್ಲಿ ನೀರು ನಿಂತು ಜೋಳದ ಹಿಟ್ಟಿನ ಡಬ್ಬಿ ತೇಲಿತು. ಹಾಲಿಗೆ ಪಾತ್ರೆ ಸಿಕ್ಕಿತ್ತು, ಕಾಯಿಸಲು ಒಲೆ ಇರಲಿಲ್ಲ. ಕೊನೆಗೆ ಶಾಲೆಯ ಗೋಡೆ ಗಡಿಯಾರವನ್ನೂ ಬಗಲಲ್ಲಿ ಹಿಡಿದು ತಂದರು. ಜವಾನನನ್ನು ಪುಸಲಾಯಿಸಿ ಇಳಿಸಿದ್ದರಂತೆ. ಆ ವಾರ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಬಿಡುವು ಅಂದಾಜಿನ ಮೇಲೆ ನಡೆಯಿತು.

ಸಿಟ್ಟಿನಿಂದ ಬೈಯಲೆಂದೇ ಹತ್ತಿರ ಹೋದೆ. ಗಡಿಯಾರದ ಸಣ್ಣ ಸಣ್ಣ ಗಾಲಿಗಳನ್ನು ವೃತ್ತಪತ್ರಿಕೆಯ ಮೇಲೆ ಹರಡಿಕೊಂಡು ಕೂತಿದ್ದರು. ಅವರ ಕೈ ನೋಡಿದೆ. ಉಗುರಿನಲ್ಲಿ ಮಸಿ ಇರಲಿಲ್ಲ. ಆ ದೊಡ್ಡ ಕೈಗೆ ಗಾಲಿಗಳು ಸಾಲುತ್ತಿರಲಿಲ್ಲ. ಬೆರಳ ಸಂದಿಯಿಂದ ಜಾರಿ ಜಾರಿ ಬೀಳುತ್ತಿದ್ದವು. ತಲೆಯೆತ್ತಿ, "ಸಣ್ಣವು ಅದಾವ," ಎಂದು ನಕ್ಕರು. ನನಗೆ ಬೈಯಲಾಗಲಿಲ್ಲ. ಕೈಗೆ ತಕ್ಕ ಕೆಲಸವಿಲ್ಲದ ಗಂಡಸನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಆನೆಯನ್ನು ಪಡಸಾಲೆಯಲ್ಲಿ ಕಟ್ಟಿದ ಹಾಗೆ. ಅದಕ್ಕೂ ಸುಖವಿಲ್ಲ, ಪಡಸಾಲೆಗೂ ಇಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ನಾನೊಬ್ಬಳೇ ಕಟ್ಟಿಗೆ ಅಡ್ಡೆಯ ಮಾಲಕರ ಹತ್ತಿರ ಹೋದೆ. ಅವರ ಮಗಳು ನಮ್ಮ ಶಾಲೆಯವಳು. ಅಡ್ಡೆಯ ಹಿಂದೆ, ಸಾಗವಾನಿ ದಿಮ್ಮಿಗಳ ಬಾಜು, ತಾಡಪತ್ರಿ ಹೊದ್ದು ಒಂದು ಕಾರು ನಿಂತದ್ದನ್ನು ದಾರಿಯಲ್ಲಿ ಹೋಗುವಾಗಲೆಲ್ಲ ನೋಡಿ ಮುಖ ತಿರುಗಿಸಿಕೊಂಡಿದ್ದೆ. ಅದು ಇನ್ನೂ ಉದ್ದವಾದದ್ದು, ಗೋವಾದಿಂದ ಬಂದದ್ದಂತೆ. ಮಾಲಕರು ತಾಡಪತ್ರಿ ಸರಿಸಿದರು. ಒಳಗಿನಿಂದ ಒಂದು ಕೋಳಿ ಗಾಬರಿಯಿಂದ ಹೊರಗೆ ಹಾರಿತು.

"ಖರೇ ಹೇಳ್ತೇನ್ರಿ ಅಕ್ಕೋರ, ನಿಮಗ ಮೋಸ ಮಾಡಬಾರದು," ಎಂದರು. "ಇದು ಚಾಲೂ ಆಗೂದಿಲ್ರಿ. ಭಾಳ ಮಂದಿ ನೋಡಿ ಕೈ ಬಿಟ್ಟಾರ."

"ಯಾವಾಗರೆ ಆಗಬಹುದನ್ರಿ?" ಎಂದು ಆತಂಕದಿಂದ ಕೇಳಿದೆ.

"ಇಲ್ರಿ. ನನಗರೆ ಆ ಭರೋಸಾ ಇಲ್ಲ."

"ಹಂಗಾರ ಕೊಡ್ರಿ," ಎಂದೆ. "ಆದ್ರ ಒಂದ ಮಾತು. ಗಾಡಿ ಇಲ್ಲೇ ನಿಮ್ಮ ಅಡ್ಡ್ಯಾಗ ನಿಂದರಲಿ. ನಮ್ಮನಿಯವರು ಶನಿವಾರ ಶನಿವಾರ ಇಲ್ಲಿಗೇ ಬರ್ತಾರ."