ಲಾರ್ಡುಗಳು ಮನೆಗೆ ಹೋದ ಮೇಲೆ

ಯಾರಾದರೂ ತಾವಾಗಿಯೇ ಅಧಿಕಾರ ಬಿಟ್ಟುಕೊಡುತ್ತೇವೆ ಎಂದಾಗ ಉಳಿದವರು ಚಪ್ಪಾಳೆ ತಟ್ಟುತ್ತಾರೆ. ನಾನು ಎದ್ದುಹೋಗಿ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆಯೇ ಎಂದು ನೋಡುತ್ತೇನೆ. ಇದೇನೂ ಒಳ್ಳೆಯ ಗುಣವಲ್ಲ. ನಮ್ಮ ಮನೆಯವರು ಇದನ್ನು ನನ್ನ ಕಾಯಿಲೆಗಳ ಜೊತೆಗೇ ಸೇರಿಸಿ ಹೇಳುತ್ತಾರೆ: ಬಿಪಿ, ಮಂಡಿನೋವು, ಅನುಮಾನ. ಮೊದಲೆರಡಕ್ಕೆ ಮಾತ್ರೆ ಸಿಕ್ಕಿದೆ.

ಮೂರನೆಯದು ನನಗೆ ಅಂಟಿದ್ದು ನೌಕರಿಯಿಂದ. ವಿಜಯನಗರದ ಕಾಲೇಜೊಂದರಲ್ಲಿ ನಿವೃತ್ತಿಯಾಗುವವರೆಗೂ ನಾನು ರಾಜ್ಯಶಾಸ್ತ್ರ ಪಾಠ ಮಾಡಿದೆ. ಅದರಲ್ಲೂ ಬ್ರಿಟನ್ನಿನ ಸಂವಿಧಾನ ನನ್ನ ಪಾಲಿಗೇ ಬರುತ್ತಿತ್ತು, ಏಕೆಂದರೆ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಅದು ಒಂದೇ ಪುಸ್ತಕವಾಗಿ ಬರೆದಿಟ್ಟ ಸಂವಿಧಾನವಲ್ಲ ಎಂದು ಮೊದಲ ದಿನ ಹೇಳುತ್ತಿದ್ದಂತೆಯೇ ಹಿಂದಿನ ಬೆಂಚಿನಿಂದ ಯಾರಾದರೂ, "ಬರೆದೇ ಇಲ್ಲ ಅಂದ್ಮೇಲೆ ನಾವೇನು ಓದೋದು ಮೇಡಂ?" ಎಂದು ಕೇಳುವುದಿತ್ತು. ನಾನು ನಗುತ್ತಿದ್ದೆ. ಮನೆಗೆ ಬಂದ ಮೇಲೆ ಪ್ರಶ್ನೆ ನ್ಯಾಯವಾದದ್ದೇ ಎನಿಸುತ್ತಿತ್ತು. ಬರೆಯದೆ ಬಿಟ್ಟದ್ದನ್ನು ಎತ್ತ ಬೇಕಾದರೂ ಬಗ್ಗಿಸಬಹುದು. ಬಗ್ಗಿಸುವವರು ಅದಕ್ಕೆ ಸಂಪ್ರದಾಯ ಎನ್ನುತ್ತಾರೆ.

ಈಗ ಅಲ್ಲಿ ಸುಧಾರಣೆಯ ಗಾಳಿ ಬೀಸುತ್ತಿದೆ. ಅಪ್ಪ ಲಾರ್ಡ್ ಆಗಿದ್ದ ಎಂಬ ಒಂದೇ ಅರ್ಹತೆಯಿಂದ ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕುಳಿತಿದ್ದವರನ್ನು ಮನೆಗೆ ಕಳಿಸುವ ತೀರ್ಮಾನವಾಗಿದೆ. ಹದಿನಾರು ತುಂಬಿದವರಿಗೆ ಮತದಾನದ ಹಕ್ಕು ಕೊಡುವ ಮಾತು ನಡೆದಿದೆ. ಸುದ್ದಿ ಓದಿ ನಾನು ಕುಣಿಯಬೇಕಿತ್ತು. ಇಷ್ಟು ವರ್ಷ ತರಗತಿಯಲ್ಲಿ ವಂಶಪಾರಂಪರ್ಯವನ್ನು ಬೈದವಳು ನಾನೇ. ಆದರೆ ಕಾಯಿಲೆ ಬಿಡಬೇಕಲ್ಲ. ಎರಡೂವರೆ ದಶಕದ ಹಿಂದೆಯೂ ಹೀಗೇ ಬಹಳಷ್ಟು ಲಾರ್ಡುಗಳನ್ನು ಹೊರಗೆ ಕಳಿಸಿ, ಕೆಲವರನ್ನು ಮಾತ್ರ "ಸದ್ಯಕ್ಕೆ" ಉಳಿಸಿಕೊಂಡಿದ್ದರು. ಆ "ಸದ್ಯಕ್ಕೆ" ಮುಗಿಯಲು ಇಷ್ಟು ಕಾಲ ಬೇಕಾಯಿತು. ಉಳಿದವರಲ್ಲಿ ಒಬ್ಬರು ಸತ್ತರೆ ಆ ಜಾಗಕ್ಕೆ ಅವರವರಲ್ಲೇ ಚುನಾವಣೆ. ಒಮ್ಮೆಯಂತೂ ಮತ ಹಾಕುವವರಿಗಿಂತ ನಿಂತವರೇ ಹೆಚ್ಚಿದ್ದರು. ಈಗ ಹೊರಡುವವರಲ್ಲೂ ಕೆಲವರು ಆಜೀವ ಸದಸ್ಯರಾಗಿ ಹಿಂದಿರುಗುತ್ತಾರಂತೆ. ಆಜೀವ ಸದಸ್ಯರನ್ನು ಯಾರೂ ಚುನಾಯಿಸುವುದಿಲ್ಲ, ನೇಮಿಸುತ್ತಾರೆ. ನೇಮಕವಾದವರಿಗಿಂತ ಹುಟ್ಟಿ ಬಂದವರೇ ವಾಸಿ, ಅವರಿಗೆ ಯಾರ ಹಂಗೂ ಇರುವುದಿಲ್ಲ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದಾಗ ನಮ್ಮ ಮನೆಯವರು ಸಾರಿನ ಪಾತ್ರೆ ಎಳೆದುಕೊಂಡು, "ನಿಂಗೆ ಅವರು ಇದ್ರೂ ಆಗಲ್ಲ, ಹೋದ್ರೂ ಆಗಲ್ಲ" ಎಂದರು.

ಹಾಗೆ ಹೇಳುವ ಅಧಿಕಾರ ಅವರಿಗಿತ್ತು. ಅವರೂ ಒಬ್ಬ ಲಾರ್ಡೇ.

ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮದೊಂದು ಸಣ್ಣ ಬಡಾವಣೆ. ಇಲ್ಲಿ ಮೊದಲು ಮನೆ ಕಟ್ಟಿದ ಕೆಲವರು ಸೇರಿ ನಿವಾಸಿಗಳ ಸಂಘ ಮಾಡಿದರು. ನೀರಿನ ಪೈಪಿಗೆ, ಬೀದಿದೀಪಕ್ಕೆ, ಪಾರ್ಕಿನ ಜಾಗ ಯಾರ ಪಾಲೂ ಆಗದಂತೆ ಉಳಿಸುವುದಕ್ಕೆ ಕಚೇರಿಯಿಂದ ಕಚೇರಿಗೆ ಅಲೆದರು. ಅದರ ಗೌರವಕ್ಕೆಂದು ಅವರಿಗೆ ಕಮಿಟಿಯಲ್ಲಿ ಕಾಯಂ ಸ್ಥಾನ ಸಿಕ್ಕಿತು. ಅವರು ತೀರಿಕೊಂಡ ಮೇಲೆ ಅವರವರ ಮಕ್ಕಳು ಬಂದು ಆ ಕುರ್ಚಿಗಳಲ್ಲಿ ಕುಳಿತರು. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಏಳಿ ಎಂದೂ ಹೇಳಲಿಲ್ಲ. ಒಬ್ಬರು ಕೆಂಗೇರಿಗೆ ಮನೆ ಬದಲಾಯಿಸಿಯೂ ಮೀಟಿಂಗಿಗೆ ತಪ್ಪದೆ ಬರುತ್ತಿದ್ದರು; ಮೀಟಿಂಗಿನ ಕೊನೆಯಲ್ಲಿ ದರ್ಶಿನಿ ಹೋಟೆಲಿನಿಂದ ತರಿಸುವ ಕೇಸರಿಬಾತಿನ ಮೇಲೆ ನನ್ನ ಗುಮಾನಿ. ಮಾವನವರ ಕುರ್ಚಿ ನಮ್ಮ ಮನೆಯವರಿಗೆ ಬಂತು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಇವರಿಗೆ ಭಾನುವಾರ ಇಸ್ತ್ರಿ ಮಾಡಿದ ಶರ್ಟು ಹಾಕಲು ಅದೊಂದು ನೆಪವಾಯಿತು.

ಒಂದು ಭಾನುವಾರ ಇವರು ಮೀಟಿಂಗಿನಿಂದ ಬಂದವರೇ ಶರ್ಟು ಬಿಚ್ಚದೆ ಕುಳಿತರು.

"ಚನ್ನಬಸಪ್ಪನವರು ನಮ್ಮ ಸೀಟೆಲ್ಲ ತೆಗೀಬೇಕು ಅಂತಿದಾರೆ ಕಣೇ. ಮುಂದಿನ ವಾರ ಜನರಲ್ ಬಾಡಿ."

ಚನ್ನಬಸಪ್ಪನವರು ಸಂಘದ ಅಧ್ಯಕ್ಷರು. ದಾವಣಗೆರೆ ಕಡೆಯವರು, ಸರ್ಕಾರಿ ಎಂಜಿನಿಯರ್ ಆಗಿದ್ದವರು, ಮಾತು ಕಡಿಮೆ, ನಡಿಗೆ ಜೋರು. ಇಷ್ಟು ವರ್ಷ ಸುಮ್ಮನಿದ್ದವರಿಗೆ ಪ್ರಜಾಪ್ರಭುತ್ವ ಈಗೇಕೆ ನೆನಪಾಯಿತು? ನನ್ನ ಕಾಯಿಲೆ ಎದ್ದು ಕುಳಿತಿತು. ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪಾರ್ಕಿನ ಪೂರ್ವದ ಮೂಲೆಯ ಕಲ್ಲುಬೆಂಚುಗಳನ್ನು ತೆಗೆದು ಅಲ್ಲಿ ದೀಪ ಹಾಕಿಸಿ ಬ್ಯಾಡ್ಮಿಂಟನ್ ಕೋರ್ಟು ಮಾಡಬೇಕೆಂಬುದು ಅವರ ಹಳೆಯ ಆಸೆ. ಆ ಬೆಂಚುಗಳು ಸಂಜೆ ನಮ್ಮಂಥವರ ಠಿಕಾಣಿ. ಪಾರ್ಕಿನ ವಿಷಯ ಕಮಿಟಿಯಲ್ಲೇ ತೀರ್ಮಾನವಾಗುವುದರಿಂದ ಕಾಯಂ ಸದಸ್ಯರು ಪ್ರತಿ ಸಲವೂ ಬೇಡ ಎಂದು ತಲೆಯಾಡಿಸಿ ಅದನ್ನು ಮುಂದೂಡುತ್ತಿದ್ದರು. ಕಾಯಂ ಸದಸ್ಯರೇ ಇಲ್ಲವಾದರೆ ಬೇಡ ಎನ್ನುವವರೂ ಇಲ್ಲ. ಬ್ರಿಟನ್ನಿನಲ್ಲೂ ವಂಶದ ಲಾರ್ಡುಗಳು ಬಹುಪಾಲು ವಿರೋಧ ಪಕ್ಷದ ಕಡೆಯವರು, ಅದಕ್ಕೇ ಅವರನ್ನು ಕಳಿಸುತ್ತಿದ್ದಾರೆ ಎಂದು ಗೊಣಗುವವರಿದ್ದಾರೆ. ನನಗೆ ಆ ಗೊಣಗಾಟ ಒಮ್ಮೆಲೇ ಅರ್ಥವಾಯಿತು.

ಅಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಚನ್ನಬಸಪ್ಪನವರಿಗೆ ಒಬ್ಬ ಸೋದರಳಿಯನಿದ್ದಾನೆ, ಆಗಾಗ ದೊಡ್ಡ ಕಾರಿನಲ್ಲಿ ಬಂದುಹೋಗುತ್ತಾನೆ. ಕೋರ್ಟು ಕಟ್ಟುವ ಕಂತ್ರಾಟು ಅವನಿಗೇ ಎಂದು ನಾನು ತೀರ್ಮಾನಿಸಿದೆ. ಅದನ್ನು ಖಚಿತ ಮಾಡಿಕೊಳ್ಳಲು, ಚಂದ್ರಾ ಲೇಔಟಿನ ತರಕಾರಿ ಅಂಗಡಿಯಲ್ಲಿ ಅಧ್ಯಕ್ಷರ ಹೆಂಡತಿ ಸಿಕ್ಕಾಗ, "ನಿಮ್ಮ ಅಳಿಯ ಕಟ್ಟೋ ಕೆಲಸ ಎಲ್ಲಾ ಚೆನ್ನಾಗಿ ಮಾಡ್ತಾರಂತೆ?" ಎಂದು ಗಾಳ ಹಾಕಿದೆ. ಅವರ ಮುಖ ಅರಳಿತು. "ಹೂಂ ರೀ, ಭಾಳ ಚೊಲೋ ಕಟ್ತಾನ. ನಿಮಗ ಯಾವ ಹಲ್ಲು ಬಿದ್ದೈತಿ?" ಎಂದರು. ಅವನು ದಂತವೈದ್ಯ. ನಾನು ಬೀನ್ಸು ಆರಿಸುತ್ತಲೇ ಬಾಯಿ ಮುಚ್ಚಿಕೊಂಡೆ.

ಆದರೂ ಬೆಂಚುಗಳನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ. ಸುಧಾರಣೆಯನ್ನು ವಿರೋಧಿಸಿದರೆ ಊರೆಲ್ಲ ನಗುತ್ತದೆ. ಸುಧಾರಣೆಗೇ ಇನ್ನಷ್ಟು ಸುಧಾರಣೆ ಸೇರಿಸಿದರೆ? ನಮ್ಮ ಮನೆಯವರಿಗೆ ಒಂದು ತಿದ್ದುಪಡಿ ಹೇಳಿಕೊಟ್ಟೆ. ಕಾಯಂ ಸ್ಥಾನಗಳು ಹೋಗಲಿ. ಆದರೆ ಪಾರ್ಕಿನ ವಿಷಯ ಇನ್ನು ಮೇಲೆ ಕಮಿಟಿಗಲ್ಲ, ಬಡಾವಣೆಯ ಎಲ್ಲರಿಗೂ ಸೇರಿದ್ದು. ಬಾಡಿಗೆಗೆ ಇರುವವರೂ ಹದಿನಾರು ತುಂಬಿದವರೂ ಕೈ ಎತ್ತಬಹುದು. ಇಷ್ಟು ದಿನ ಬಾಡಿಗೆಯವರಿಗೆ ಸಂಘದಲ್ಲಿ ಮಾತಿರಲಿಲ್ಲ. ಅವರಲ್ಲಿ ಅರ್ಧದಷ್ಟು ಜನರ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ನಮ್ಮ ಮನೆಗೇ ಪಾಠಕ್ಕೆ ಬರುವುದು. ಅವರ ಕೈಗಳು ಎತ್ತ ಏಳುತ್ತವೆ ಎಂದು ನನಗೆ ಗೊತ್ತಿಲ್ಲವೇ?

"ಇದು ನ್ಯಾಯ ಅಂತ ಹೇಳ್ತಿದೀಯೋ, ಲೆಕ್ಕ ಹಾಕಿ ಹೇಳ್ತಿದೀಯೋ?" ಎಂದು ಇವರು ಕೇಳಿದರು.

"ಎರಡೂ ಒಂದೇ ಕಡೆ ಇದ್ರೆ ತಪ್ಪೇನು?" ಎಂದೆ.

ಜನರಲ್ ಬಾಡಿ ಪಾರ್ಕಿನಲ್ಲೇ ನಡೆಯಿತು. ಚನ್ನಬಸಪ್ಪನವರು ಕಾಯಂ ಸ್ಥಾನಗಳ ವಿಷಯ ಓದಿ ಕುಳಿತರು. ಕೆಂಗೇರಿಯವರು ಎದ್ದು ತಮ್ಮ ತಂದೆ ಬೋರ್‌ವೆಲ್ಲಿಗೆ ಪೂಜೆ ಮಾಡಿಸಿದ್ದನ್ನು ಸವಿಸ್ತಾರವಾಗಿ ಹೇಳಿದರು. ಆಮೇಲೆ ನಮ್ಮ ಮನೆಯವರು ಎದ್ದರು. ನಾನು ಹೇಳಿಕೊಟ್ಟದ್ದನ್ನು ಹೇಳುತ್ತಾರೆಂದು ಕಾದೆ. ಇವರು ಬೆಂಚುಗಳ ಕಡೆ ನೋಡಿದರು.

"ಈ ಜಾಗ ಉಳಿಸೋಕೆ ನಮ್ಮಪ್ಪ ಚಪ್ಪಲಿ ಸವೆಸಿದ್ರು. ಅವರಿಗೆ ಆ ಕುರ್ಚಿ ಸರಿ. ನಾನೇನು ಮಾಡಿದೀನಿ? ಅವರ ಮಗ ಆಗಿ ಹುಟ್ಟಿದೀನಿ. ಅದೂ ನನ್ನ ಸಾಧನೆ ಅಲ್ಲ. ಯಾರೋ ಏಳಿ ಅನ್ನೋವರೆಗೂ ಕೂತಿದ್ದೆ ನೋಡಿ, ಅದಕ್ಕೆ ನಾಚಿಕೆ ಆಗುತ್ತೆ. ನನ್ನ ಸೀಟು ಇವತ್ತಿಂದಲೇ ಬಿಟ್ಟಿದೀನಿ."

ಇದು ನನ್ನ ಪಾಠದಲ್ಲಿ ಇರಲಿಲ್ಲ. ಮದುವೆಯಾದಾಗಿನಿಂದ ಇವರ ಪ್ರತಿ ಮಾತಿನ ಹಿಂದೆ ಏನಿದೆ ಎಂದು ಹುಡುಕಿದವಳಿಗೆ ಅಂದು ಏನೂ ಸಿಗಲಿಲ್ಲ. ಕೈಗೆ ಸಿಕ್ಕ ಸೆರಗಿನ ತುದಿಯನ್ನೇ ಸುತ್ತಿಕೊಂಡು ಕುಳಿತೆ. ನಂತರ ಇವರು ತಿದ್ದುಪಡಿಯನ್ನೂ ಹೇಳಿದರು.

"ಹದಿನಾರು ವರ್ಷದೋರಿಗೆ ವೋಟ್ ಅಂದ್ರ ಹ್ಯಾಂಗ್ರೀ? ಕಾನೂನಿನ್ಯಾಗ ಬರಂಗಿಲ್ಲ" ಎಂದರು ಚನ್ನಬಸಪ್ಪನವರು.

"ಸಂಘದ ಎಲೆಕ್ಷನ್‌ಗಲ್ಲ ಸಾರ್. ಪಾರ್ಕಿಗೆ. ಆಡೋರು ಅವರೇ ಅಲ್ವಾ?"

ಬೇಡ ಎಂದರೆ ತಮ್ಮ ಸುಧಾರಣೆಯ ಮೇಲೆಯೇ ಅನುಮಾನ ಬರುತ್ತದೆ ಎಂದು ಅಧ್ಯಕ್ಷರಿಗೂ ಹೊಳೆದಿರಬೇಕು. "ಆತು ಬಿಡ್ರಿ, ಹಂಗೇ ಆಗಲಿ" ಎಂದರು. ಎಲ್ಲರೂ ಒಪ್ಪಿದರು. ಹಾಗಾದರೆ ಕೋರ್ಟಿನ ವಿಷಯವೂ ಇವತ್ತೇ ಮುಗಿಯಲಿ ಎಂದು ಅಧ್ಯಕ್ಷರು ಎಲ್ಲರಿಗೂ ಹೇಳಿಕಳಿಸಿದರು. ಸ್ವಲ್ಪ ಹೊತ್ತಿನಲ್ಲೇ ಸುತ್ತಲಿನ ಮನೆಗಳಿಂದ ಬಾಡಿಗೆಯವರೂ ಮಕ್ಕಳೂ ಬಂದು ನಿಂತರು. ನಮ್ಮ ಎದುರು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿರುವ ಸುಜಾತ ಬಂದರು, ಒಂದು ಆಫೀಸಿನಲ್ಲಿ ಗುಮಾಸ್ತರು. ಅವರ ಮಗಳು ಮೇಘನಾ ಬಂದಳು, ಪಿಯುಸಿ ಓದುತ್ತಿದ್ದಾಳೆ, ನನ್ನ ಹತ್ತಿರವೇ ರಾಜ್ಯಶಾಸ್ತ್ರ ಕಲಿತವಳು. ನನ್ನನ್ನು ನೋಡಿ ಕೈ ಬೀಸಿದಳು. ನಾನು ಗೆದ್ದವಳ ಹಾಗೆ ನಕ್ಕೆ.

ಕೋರ್ಟು ಬೇಕೆನ್ನುವವರು ಕೈ ಎತ್ತಿ ಎಂದರು ಅಧ್ಯಕ್ಷರು. ಮೊದಲು ಎದ್ದ ಕೈ ಮೇಘನಾಳದು. ಅದರ ಪಕ್ಕದಲ್ಲಿ ಸುಜಾತರದು. ಅವರ ಹಿಂದೆ ನಾನು ಪಾಠ ಹೇಳಿದ ಮಕ್ಕಳೆಲ್ಲರದು. ಎಣಿಸುವ ಅಗತ್ಯವೇ ಬೀಳಲಿಲ್ಲ.

ಸಂಜೆ ಮೇಘನಾ ತಾನೇ ಮನೆಗೆ ಬಂದಳು.

"ಆಂಟಿ, ಕೋಪ ಬಂತಾ?"

"ಇಲ್ಲಮ್ಮ. ಒಂದು ಮಾತು ಮೊದಲೇ ಹೇಳಬಹುದಿತ್ತು ಅನ್ನಿಸ್ತು."

"ನೀವು ಕೇಳ್ಲೇ ಇಲ್ವಲ್ಲ ಆಂಟಿ. ರೋಡಲ್ಲಿ ಕಂಬಕ್ಕೂ ಗೇಟಿಗೂ ನೆಟ್ ಕಟ್ಟಿ ಆಡ್ತೀವಿ. ಪ್ರತಿ ಸ್ಕೂಟರ್‌ಗೂ ಇಳಿಸ್ಬೇಕು. ಹೋದ ತಿಂಗಳು ಒಂದು ಆಟೋ ನೆಟ್ ಸಮೇತ ಎಳ್ಕೊಂಡೇ ಹೋಯ್ತು, ನನ್ನ ಮೊಣಕೈ ತರಚಿತು. ಅಮ್ಮ ಆಟನೇ ಬೇಡ ಅಂದ್ಬಿಟ್ರು."

ಆ ನೆಟ್ಟನ್ನು ನಾನು ದಿನವೂ ಗೇಟಿನಲ್ಲಿ ನಿಂತು ನೋಡಿದ್ದೆ. ಅಧ್ಯಕ್ಷರ ಸೋದರಳಿಯನ ಕಾರನ್ನೂ ನೋಡಿದ್ದೆ. ಅನುಮಾನ ಕಾರಿನ ಹಿಂದೆ ಹೋಯಿತು, ನೆಟ್ಟಿನ ಹತ್ತಿರ ನಿಲ್ಲಲಿಲ್ಲ. ಮತದ ಹಕ್ಕನ್ನು ಕೊಡಿಸಿದವರು ಮತವೂ ತಮಗೇ ಬರುತ್ತದೆ ಎಂದುಕೊಳ್ಳುತ್ತಾರೆ. ಲಂಡನ್ನಿನಲ್ಲಿ ಹದಿನಾರರ ಮಕ್ಕಳಿಗೆ ಹಕ್ಕು ಕೊಡಲು ಹೊರಟವರೂ ಒಳಗೊಳಗೇ ಇಂಥ ಲೆಕ್ಕ ಹಾಕಿರಬಹುದು. ಅವರಿಗೂ ಒಬ್ಬ ಮೇಘನಾ ಸಿಗುತ್ತಾಳೆ.

"ಸೋತಿದ್ದಕ್ಕೆ ಬೇಜಾರಾ?" ಎಂದು ರಾತ್ರಿ ಊಟಕ್ಕೆ ಕುಳಿತಾಗ ಇವರನ್ನು ಕೇಳಿದೆ. "ಬೇಜಾರೇ. ಆ ಬೆಂಚಿನ ಮೇಲೆ ಗಾಳಿ ಚೆನ್ನಾಗಿತ್ತು" ಎಂದರು. "ಆದ್ರೆ ಇದುವರೆಗೂ ಯಾವಾಗ ಗೆದ್ದಿದ್ವಿ ಹೇಳು? ಯಾರೂ ಆಡದೆ ಇದ್ದಾಗ ಗೆದ್ದಿದ್ವಿ" ಎಂದು ಅನ್ನ ಕಲಸಿಕೊಂಡರು.

ಕೋರ್ಟು ಆಯಿತು. ಕಲ್ಲುಬೆಂಚುಗಳನ್ನು ಪಶ್ಚಿಮದ ಮೂಲೆಗೆ ಸಾಗಿಸಿದರು. ಅಲ್ಲಿ ಬಿಸಿಲು ಸ್ವಲ್ಪ ಜಾಸ್ತಿ. ಮೊದಲ ವಾರವೇ ಕೋರ್ಟಿನಲ್ಲಿ ದಿನಕ್ಕೊಂದು ಜಗಳ. ಕಾಕ್ ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಆಡುವವರು ಆಟ ಬಿಟ್ಟು ವಾದಿಸುತ್ತಿದ್ದರು. ಒಂದು ಸಂಜೆ ಮೇಘನಾ ಬೆವರು ಒರೆಸಿಕೊಳ್ಳುತ್ತಾ ಬಂದು, "ಆಂಟಿ, ನೀವು ಬಂದು ಅಂಪೈರ್ ಆಗಿ" ಎಂದಳು.

"ನನಗೆ ಆಟವೇ ಗೊತ್ತಿಲ್ಲವಲ್ಲೇ."

"ಆಟ ಗೊತ್ತಿರೋರೆಲ್ಲ ಯಾವುದಾದ್ರೂ ಟೀಮಿನ ಕಡೆ ಆಂಟಿ. ನೀವು ಯಾರನ್ನೂ ನಂಬಲ್ಲ. ಅಂಥೋರೇ ಬೇಕು."

ಹೊಗಳಿಕೆಯೋ ಬೈಗುಳವೋ ತಿಳಿಯದೆ ಹೋದೆ. ಚನ್ನಬಸಪ್ಪನವರೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗೆರೆಯ ಪಕ್ಕದಲ್ಲಿ ಹಾಕಿದರು. ಕುಳಿತು ನೋಡಿದರೆ ಇಡೀ ಪಾರ್ಕು ಕಾಣುತ್ತದೆ. ನಾನು ಔಟ್ ಎಂದರೆ ಔಟ್, ಇನ್ ಎಂದರೆ ಇನ್, ಎದುರು ಮಾತಿಲ್ಲ. ಈಗ ಸಂಜೆಯಾಯಿತೆಂದರೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಡುತ್ತೇನೆ.

ಮೊನ್ನೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ನಿನ್ನನ್ನ ಯಾರು ಎಲೆಕ್ಟ್ ಮಾಡಿದ್ದು?" ಎಂದು ಕೇಳಿದರು. ಯಾರೂ ಇಲ್ಲ. ನನ್ನದು ನೇಮಕ. ಅವಧಿ ಎಷ್ಟೆಂದು ಸಂಘದವರು ಇನ್ನೂ ಗೊತ್ತುಮಾಡಿಲ್ಲ. ನಾನೂ ಕೇಳಲು ಹೋಗಿಲ್ಲ.