ಪೋಲೆಂಡಿನ ಆಲೂಗಡ್ಡೆ ಸಾರು

ಸಂಜೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸಿನಲ್ಲಿ ಒಂದಿಷ್ಟು ಕಣ್ಣು ಮುಚ್ಚೋಣವೆಂದರೆ ಪಕ್ಕದ ಸೀಟಿನ ಅವ್ವ ಬಿಡಬೇಕಲ್ಲ! ಪೋಲೆಂಡಿನಲ್ಲಿ ಭಗವದ್ಗೀತೆ ಪ್ರಚಾರಕ್ಕೆ ಹೋಗಿರುವ ಮಗನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಅದೇ ಬಸ್ಸಿನಲ್ಲಿ ರಾತ್ರಿಯ ಬೀಗರೂಟಕ್ಕೆ ಹೊರಟಿದ್ದ ಹರದನಹಳ್ಳಿ ನೆಂಟರಿಗೆಲ್ಲ ಕೈಯಿಂದ ಕೈಗೆ ದಾಟಿಸಿದಳು. ಅಲ್ಲಿ ಹಿಮ ಬೀಳುತ್ತದಾ, ಜನ ಹೇಗೆ, ಪ್ರಚಾರ ಹೇಗೆ ಎಂದು ಒಬ್ಬರಾದರೂ ಕೇಳಬೇಡವೇ? ಎಲ್ಲರದೂ ಒಂದೇ ಪ್ರಶ್ನೆ: "ಉಂಡೇನ್ಲಾ? ಏನ್ ಸಾರು?"

ಅವನೂ ಪ್ರತಿಯೊಬ್ಬರಿಗೂ ಹೊಸದಾಗಿ, "ಉಂಡೆ ಕಣಣ್ಣ, ಆಲೂಗಡ್ಡೆ ಸಾರು" ಎನ್ನುತ್ತಿದ್ದ. ತೆರಕಣಾಂಬಿ ದಾಟುವಷ್ಟರಲ್ಲಿ ಆ ಸಾರು ನನ್ನ ತಲೆಯಲ್ಲೇ ಕುದಿಯುತ್ತಿತ್ತು.

ಕೊನೆಗೆ ಫೋನು ನನ್ನ ಕೈಗೂ ಬಂತು. "ನೀನೂ ಒಂದ್ಮಾತ್ ಆಡ್ಬುಡಪ್ಪ."

ಸ್ಪೀಕರ್ ಆರಿಸಿ ಕಿವಿಗಿಟ್ಟುಕೊಂಡು, "ನಾನು ನಿಮ್ಮ ನೆಂಟನಲ್ಲಪ್ಪ, ಸುಮ್ಮನೆ ಪಕ್ಕ ಕೂತವನು" ಎಂದು ಸಿಡುಕಿದೆ.

"ಇರ್ಲಿ ಅಣ್ಣ, ಮಾತಾಡಿ. ಬೆಳಿಗ್ಗೆಯಿಂದ ಬೀದೀಲಿ ಪುಸ್ತಕ ಹಿಡ್ಕೊಂಡು ನಿಂತಿವ್ನಿ. ಒಬ್ರೂ ತಿರುಗಿ ನೋಡ್ಲಿಲ್ಲ."

ನಾನೂ "ಊಟ ಆಯ್ತಾ?" ಎಂದುಬಿಟ್ಟೆ.

ಅವನು ದನಿ ತಗ್ಗಿಸಿದ. "ಇನ್ನೂ ಇಲ್ಲ ಅಣ್ಣ. ಅವ್ವಂಗೆ ಹೇಳ್ಬ್ಯಾಡಿ."

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಏನಂದನಪ್ಪ?"

"ಆಲೂಗಡ್ಡೆ ಸಾರಂತೆ" ಎಂದೆ.