ಹಾರೈಸಲಷ್ಟೇ ಬರುತ್ತಿದ್ದ ಸ್ಪ್ಯಾನಿಷ್

ನಮ್ಮ ವಿದ್ಯಾರಣ್ಯಪುರಂ ಲಕ್ಷ್ಮೀನರಸಿಂಹನವರಿಗೆ ಸ್ಪ್ಯಾನಿಷ್ ಬರುತ್ತಿತ್ತು. ಆದರೆ ಹಾರೈಸುವುದಕ್ಕೆ ಮಾತ್ರ.

ಅರಮನೆಯ ನೌಕರಿ ಹೋದ ಮೇಲೆ ಅವರು ಕೃಷ್ಣಪ್ಪನವರ ಊದುಬತ್ತಿ ವ್ಯಾಪಾರದಲ್ಲಿ ಹಂಗಾಮಿ ಗುಮಾಸ್ತರಾಗಿದ್ದರು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಸ್ಪೇನಿನ ವ್ಯಾಪಾರಿಯೊಬ್ಬ ಬರುವನೆಂದು ತಿಳಿಯಿತು.

"ಸ್ವಾಮಿ, ಅವ್ರ ಭಾಷೇಲಿ ಮಾತಾಡ್ಬುಟ್ರೆ ನಿಮ್ ಕೆಲಸ ಕಾಯಂ. ಇಲ್ದಿದ್ರೆ ಬೊಂಬಾಯಿಂದ ಯಾರನ್ನಾದ್ರೂ ಕರೆಸ್ಕೋತೀನಿ, ಬೇಜಾರ್ ಮಾಡ್ಕೋಬೇಡಿ," ಎಂದರು ಕೃಷ್ಣಪ್ಪ.

ಬೀದಿಬದಿಯಲ್ಲಿ ಸಿಕ್ಕ ಸ್ಪ್ಯಾನಿಷ್ ವ್ಯಾಕರಣದ ಪುಸ್ತಕಕ್ಕೆ ಹಿಂದಿನ ಹಾಳೆಗಳೂ ಇಲ್ಲ, ಮುಂದಿನವೂ ಇಲ್ಲ. ಉಳಿದಿದ್ದು ಒಂದೇ ಅಧ್ಯಾಯ: ತಿನ್ನಲಿ, ಬದುಕಲಿ, ಮಾತಾಡಲಿ ಎಂದು ಬಯಸುವ ರೂಪಗಳದ್ದು. ಈ ಪುಣ್ಯಾತ್ಮ ಪಾಠಶಾಲೆಯಲ್ಲಿ ಸಂಸ್ಕೃತದ ಧಾತುರೂಪ ಉರುಹೊಡೆದಂತೆಯೇ ತುಳಸಿಕಟ್ಟೆಯ ಮುಂದೆ ಕೂತು ಶುರುಮಾಡಿದರು. ಅಬ್ಲಾರ್ ಎಂದರೆ ಮಾತಾಡು: "ಆಬ್ಲೆ, ಆಬ್ಲೆಸ್, ಆಬ್ಲೆ, ಆಬ್ಲೆಮೋಸ್..." ಕೊಮೇರ್ ಎಂದರೆ ತಿನ್ನು: "ಕೋಮ, ಕೋಮಸ್, ಕೋಮ, ಕೊಮಾಮೋಸ್..." ಬೀದಿಯವರು ಯಾವುದೋ ಶಾಂತಿಮಂತ್ರವೆಂದು ಕೈಮುಗಿದು ಹೋಗುತ್ತಿದ್ದರು.

"ನೋಡೇ, ಕೊನೇಲಿ ಆರ್ ಇರೋ ಧಾತುಗಳ ಮನೆಯವರು ಎಕಾರ ತಂದ್ಕೋತಾರೆ, ಎರ್, ಇರ್ ಮನೆಯವರು ಅಕಾರ ತಂದ್ಕೋತಾರೆ. ಕೊಟ್ಟು ತಂದ ಸಂಬಂಧ ಕಣೇ!" ಎಂದು ಹೆಂಡತಿಗೆ ವಿವರಿಸಿದರು.

"ಸಂಬಂಧ ಇರ್ಲಿ ಬಿಡಿ. ಮಾತಾಡೋಕ್ ಬರುತ್ತೇನ್ರೀ?" ಎಂದರು ಚೂಡಾಮಣಿ.

ಸಾಹೇಬ ಬಂದ. ಕೃಷ್ಣಪ್ಪ ಊಟವನ್ನು ಗುಮಾಸ್ತರ ಮನೆಯಲ್ಲೇ ಇಡಿಸಿ, ತಾವೂ ಪಕ್ಕದಲ್ಲಿ ಕೂತರು. ಸಾಹೇಬ ಏನೇನೋ ಕೇಳಿದ. ಲಕ್ಷ್ಮೀನರಸಿಂಹನವರಿಗೆ ಒಂದಕ್ಷರವೂ ತಿಳಿಯಲಿಲ್ಲ. ಅಷ್ಟರಲ್ಲಿ ಚೂಡಾಮಣಿ ಹೋಳಿಗೆ ತಂದರು. ಅತಿಥಿ ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೆ ನಮ್ಮ ಕಡೆಯವರು ಬಿಡುತ್ತಾರೆಯೇ?

"ಕಿಯೆರೊ ಕೆ ಕೋಮ!" ಎಂದುಬಿಟ್ಟರು ಇವರು. ತಾವು ತಿನ್ನಬೇಕೆಂದು ನನ್ನಾಸೆ.

ಸಾಹೇಬನ ಮುಖ ಅರಳಿತು. ತಿಂದ. ಮತ್ತೆ ಹೋಳಿಗೆ, ಮತ್ತೆ ಕೋಮ. "ಎಂಗ್ ಮಾತಾಡ್ತಾರೆ ನೋಡ್ರಪ್ಪ!" ಎಂದು ಕೃಷ್ಣಪ್ಪ ಉಬ್ಬಿದರು. ಇಷ್ಟು ಆಸೆಪಡುವವರಿಗೆ ಇಲ್ಲವೆನ್ನಲಾರದೆ ಆ ಬಡಪಾಯಿ ಬಡಿಸಿದ್ದನ್ನೆಲ್ಲ ಮುಗಿಸಿ, ಜಗಲಿಯ ಚಾಪೆಯ ಮೇಲೆ ಅಡ್ಡಾದ.

ಹೊಟ್ಟೆ ಹಿಡಿದು ನರಳಿದ: "ಒಹಲಾ ವೀವ!"

ಲಕ್ಷ್ಮೀನರಸಿಂಹನವರು ನೆಗೆದೆದ್ದರು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದಿತ್ತು. "ಅರ್ಥವಾಯ್ತು ಕಣೇ! ನಾನು ಬದುಕಿದ್ರೆ ಸಾಕಪ್ಪಾ ಅಂತಿದಾರೆ! ವಿವೀರ್ ಧಾತು, ಉತ್ತಮಪುರುಷ, ಏಕವಚನ!"

ಕೃಷ್ಣಪ್ಪ ಸಾಹೇಬನನ್ನೊಮ್ಮೆ ನೋಡಿದರು, ಗುಮಾಸ್ತರನ್ನೊಮ್ಮೆ ನೋಡಿದರು.

"ನಿಮ್ ಕೆಲಸ ಕಾಯಂ ಸ್ವಾಮಿ," ಎಂದರು. "ಆ ಮನುಷ್ಯ ಬದುಕಿದ್ರೆ."